ಮಾದೇವಿ ಇಟ್ಟ ಅಡಿಕೆ

ಅಬಕಾರಿ ಕೆಲಸದವರ ಮನೆ ಸಾಮಾನು ಊರಿಂದ ಊರಿಗೆ ಹೋಗುವುದು ಬ್ರಾಂದಿ ಪೆಟ್ಟಿಗೆಗಳಲ್ಲಿ. ರಟ್ಟು ದಪ್ಪ ಇರುತ್ತದೆ, ಒಳಗೆ ಬಾಟಲಿಗೊಂದು ಗೂಡು ಮಾಡಿರುತ್ತಾರೆ, ಗಾಜಿನ ಲೋಟ ಒಡೆಯುವುದಿಲ್ಲ. ನಾನು ಜನ್ಮದಲ್ಲಿ ಒಂದು ಹನಿ ಮುಟ್ಟಿದವನಲ್ಲ. ಆದರೂ ವರ್ಗವಾಗಿ ಹೋದ ಏಳು ಊರಿನ ಏಳು ಬೀದಿಯ ಜನ ನಮ್ಮ ಸಾಮಾನು ಇಳಿಯುವುದನ್ನು ನೋಡಿ ತಮಗೆ ತೋಚಿದ್ದನ್ನು ತಿಳಿದುಕೊಂಡರು. ನನ್ನ ಹೆಂಡತಿ ಬಾಗಿಲಲ್ಲಿ ನಿಂತು, "ಅದರೊಳಗ ದೇವರ ಸಾಮಾನ ಅದಾವ್ರಿ" ಎಂದು ಕೇಳದವರಿಗೂ ಹೇಳುತ್ತಿದ್ದಳು. ಯಾರೂ ನಂಬಿದಂತೆ ಕಾಣಲಿಲ್ಲ.

ನಿವೃತ್ತನಾಗಿ ಮೂರು ವರ್ಷ ದಾಟಿದರೂ ಹಾವೇರಿಯ ಮನೆಯ ಅಟ್ಟದ ಮೇಲೆ ಅಂಥದೊಂದು ಪೆಟ್ಟಿಗೆ ಬಿಚ್ಚದೆ ಉಳಿದಿತ್ತು. ಹೋದ ತಿಂಗಳು ಇಳಿಸಿ ಟೇಪು ಕಿತ್ತೆ. ಮುಖಕ್ಕೆ ಹೊಡೆದದ್ದು ವಾಸನೆ: ಒದ್ದೆಯಾಗಿ ಒಣಗಿದ ರಟ್ಟು, ಎಂದೋ ಚೆಲ್ಲಿದ ರಮ್ಮು, ಅದರ ಮೇಲೆ ಫಿನಾಯಿಲು. ಮದ್ಯದಂಗಡಿಯ ಬಾಗಿಲು ಬೆಳಿಗ್ಗೆ ಮೊದಲ ಸಲ ತೆರೆದಾಗ ಬರುವ ವಾಸನೆ ಅದು. ಒಳಗೆ ಹಳೆಯ ಡೈರಿಗಳು, ಒಂದು ಛತ್ರಿ, ಪೆನ್ನಿನ ಡಬ್ಬಿ. ಡಬ್ಬಿಯಲ್ಲಿ ಎರಡು ಒಣಗಿದ ಪೆನ್ನುಗಳ ನಡುವೆ ಬಿಸಿಲಿಗೆ ಒಣಗಿಸಿ ಸುಲಿದ ಒಂದು ಚಾಲಿ ಅಡಿಕೆ ಇತ್ತು. ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಹೆಂಡತಿ ಬಂದು, "ಏನಾತ್ರಿ, ಸೊಂಟ ಹಿಡೀತೇನು?" ಎಂದು ಕೇಳಿದಳು. ಸೊಂಟ ಹಿಡಿದಿದ್ದರೆ ಒಳ್ಳೆಯದಿತ್ತು.

ಅದು ಸಿದ್ದಾಪುರದ ಬೇಸಿಗೆಯ ಅಡಿಕೆ. ನನ್ನ ನೌಕರಿ ಮುಗಿಯಲು ಎರಡೂವರೆ ವರ್ಷ ಬಾಕಿ ಇದ್ದಾಗ ನಾನು ಅಲ್ಲಿ ನಿರೀಕ್ಷಕನಾಗಿದ್ದೆ. ಹೆಂಡತಿ ಮೊಣಕಾಲು ನೋವೆಂದು ಹಾವೇರಿಯಲ್ಲೇ ಉಳಿದಿದ್ದಳು. ನಾನು ಬಾಡಿಗೆ ಕೋಣೆಯಲ್ಲಿ ಅನ್ನ ಬೇಯಿಸಿಕೊಂಡು, ಹಾವೇರಿಗೆ ವರ್ಗಾವಣೆಯ ಅರ್ಜಿ ಹಾಕಿ, ಅದರ ದಾರಿ ನೋಡುತ್ತ ದಿನ ತಳ್ಳುತ್ತಿದ್ದೆ. ಕಾಡಿನ ಊರು ತಂಪಾಗಿರುತ್ತದೆ ಎಂದು ನಮ್ಮ ಕಡೆಯವರು ತಿಳಿದಿದ್ದಾರೆ. ಏಪ್ರಿಲ್ಲಿನಲ್ಲಿ ಬಂದು ನೋಡಬೇಕು. ಗಾಳಿ ಅಲ್ಲಾಡುವುದಿಲ್ಲ, ಅಂಗಿ ಬೆನ್ನಿಗೆ ಅಂಟಿಕೊಳ್ಳುತ್ತದೆ, ಸಂಜೆಯಾದರೆ ಗುಡುಗು ಬಂದು ಹೆದರಿಸಿ ಮಳೆ ಕೊಡದೆ ಹೋಗುತ್ತದೆ. ಊರಿಗೆ ಊರೇ ಹಲಸಿನ ಹಣ್ಣಿನ ವಾಸನೆ ಹೊಡೆಯುತ್ತದೆ. ಮೂವತ್ತು ವರ್ಷ ಒಂದೇ ಕೆಲಸ ಮಾಡಿದವನಿಗೆ ಆಗುವ ದಣಿವು ನಿದ್ದೆಗೆ ಹೋಗುವಂಥದ್ದಲ್ಲ. ನನಗೆ ಕಡತದ ಹುರಿ ಬಿಚ್ಚಲೂ ಬೇಸರವಾಗುತ್ತಿತ್ತು.

ಅಂಥ ಒಂದು ಮಧ್ಯಾಹ್ನ ತಿಮ್ಮಪ್ಪನ ಕಡತ ಮೇಜಿಗೆ ಬಂತು. ಮದ್ಯದಂಗಡಿಯ ಸನ್ನದು ಒಬ್ಬರ ಹೆಸರಿನಲ್ಲಿರುತ್ತದೆ, ಗಲ್ಲಾದ ಮೇಲೆ ಕೂರುವವನು ಇನ್ನೊಬ್ಬ. ಹಾಗೆ ಕೂತು ಅಂಗಡಿ ನಡೆಸುವವನಿಗೆ ಇಲಾಖೆಯ ಒಪ್ಪಿಗೆ ಪತ್ರ ಬೇಕು. ಅದಕ್ಕೆ ನೌಕರನಾಮೆ ಎಂದು ಹೆಸರು. ಮನುಷ್ಯ ಎಂಥವನು ಎಂದು ವಿಚಾರಿಸಿ ವರದಿ ಕೊಡುವುದು ನನ್ನ ಕೆಲಸ. ನಮೂನೆಯಲ್ಲಿ ವಯಸ್ಸು, ಪೊಲೀಸು ಕೇಸು, ಅಂಟುರೋಗ, ನಡತೆ ಎಂದು ಒಂದರ ಕೆಳಗೊಂದು ಇರುತ್ತದೆ. ಕಡೆಯಲ್ಲಿ, "ಸದರಿ ವ್ಯಕ್ತಿ ಯೋಗ್ಯನೇ?" ಎಂದು ಕೇಳಿ ಉತ್ತರಕ್ಕೆ ಅರ್ಧ ಸಾಲು ಜಾಗ ಬಿಟ್ಟಿರುತ್ತಾರೆ. ಇನ್ನೊಬ್ಬನ ಯೋಗ್ಯತೆ ಅರ್ಧ ಸಾಲಿನಲ್ಲಿ ಹೇಳಿ ಹೇಳಿ ನನ್ನ ಕೈ ಪಳಗಿತ್ತು.

ಅಂಗಡಿಯ ಮಾಲೀಕ ಬಸವಂತಪ್ಪ, ಬನವಾಸಿ ಕಡೆಯ ವ್ಯಾಪಾರಸ್ಥರ ಮನೆಯವರು. ಶಿರಸಿಯ ಹೊರಗೆ ಇಸಳೂರಿನಲ್ಲಿ ಹೊಸ ಮನೆ ಕಟ್ಟಿಸಿಕೊಂಡು ಅಲ್ಲಿಂದ ವಾರಕ್ಕೊಮ್ಮೆ ಅಂಗಡಿಗೆ ಬರುತ್ತಿದ್ದರು. ಹಣೆ ತುಂಬ ವಿಭೂತಿ, ಮಾತು ತುಂಬ ಮರ್ಯಾದೆ.

ನಾನು ವಿಚಾರಣೆಗೆ ಅಂಗಡಿಗೆ ಹೋದಾಗ, "ಬರ್ರಿ ಸಾಹೇಬ್ರ, ಕುಂದರ್ರಿ," ಎಂದು ಕುರ್ಚಿ ಒರೆಸಿದರು. "ಹಿಂದಿನ ಮೂರೂ ಮಂದಿ ಮ್ಯಾನೇಜರ್ ನನ್ನ ಮಾಲ ಕುಡದು ಇಲ್ಲೇ ಮಲಕೊಂಡ್ರು. ಈ ತಿಮ್ಮಪ್ಪ ಕುಡಿಯೂದೆಲ್ಲಾ ಕುಡದು ಬಿಟ್ಟಾಂವ. ಹೊಟ್ಟಿ ತುಂಬ ಉಂಡು ಎದ್ದಾಂವಗ ಮತ್ತ ಗಂಗಾಳ ನೋಡಬೇಕು ಅನಸೂದಿಲ್ರಿ."

ತಿಮ್ಮಪ್ಪ ಪಕ್ಕದಲ್ಲೇ ಕೈಕಟ್ಟಿ ನಿಂತಿದ್ದ. ನಲವತ್ತೈದರ ಆಸುಪಾಸು, ಕೋಲಸಿರ್ಸಿಯವನು, ಮೊದಲು ಟೆಂಪೋ ಡ್ರೈವರು. ಕುಡೀತೀಯಾ ಎಂದು ಕೇಳಿದೆ.

"ಕುಡೀತಿದ್ದೆ ಸಾಹೇಬ್ರೆ. ಬಿಟ್ಟು ಐದು ವರ್ಷ ಆಯ್ತು. ಬಿಟ್ರೂ ನನ್ನ ಕೈಗೆ ಗಾಡಿ ಚಾವಿ ಯಾರೂ ಕೊಡೂದಿಲ್ಲ. ಇವ್ರು ಬಾಟ್ಲಿ ಕೊಡ್ತೇನೆ ಅಂದ್ರು, ಮಾರೂಕೆ." ತನ್ನ ಮಾತಿಗೆ ತಾನೇ ಸ್ವಲ್ಪ ನಕ್ಕ.

"ಹೆಂಗ ಬಿಟ್ಟಿ?" ಎಂದೆ.

ಅಂಗಿಯ ಕಿಸೆಗೆ ಕೈ ಹಾಕಿ ಒಂದು ಅಡಿಕೆ ತೆಗೆದು ತೋರಿಸಿದ. ಕೈಬೆವರಿಗೆ ಕಪ್ಪಾಗಿ ಗೋಲಿಯ ಹಾಗೆ ನುಣುಪಾಗಿತ್ತು. ಅವರ ಮನೆಗಳಲ್ಲಿ ಮೊದಲಿಂದ ಬಂದ ನಡಾವಳಿಯಂತೆ. ಒಬ್ಬರಿಂದ ಮಾತು ಬೇಕೆಂದರೆ ಅವರ ಮುಂದೆ ಒಂದು ಅಡಿಕೆ ಇಟ್ಟು ಕೇಳುವುದು. ಎತ್ತಿಕೊಂಡರೆ ಮಾತು ಕೊಟ್ಟ ಹಾಗೆ. ಎತ್ತಿಕೊಳ್ಳದಿದ್ದರೆ ಯಾರಿಗೂ ಸಿಟ್ಟಿಲ್ಲ, ಇಟ್ಟವರೇ ತೆಗೆದುಕೊಂಡು ಹೋಗುತ್ತಾರೆ. ಎತ್ತಿಕೊಂಡು ಆಮೇಲೆ ನಡೆಸಲು ಆಗದಿದ್ದರೆ ಮಾತು ಮುರಿಯುವ ಮೊದಲು ಅಡಿಕೆಯನ್ನು ಹಿಂದೆ ಕೊಡಬೇಕು. ಅವನ ಹೆಂಡತಿ ಮಾದೇವಿ ಐದು ವರ್ಷದ ಹಿಂದೆ ಒಂದು ಬೆಳಿಗ್ಗೆ ದೋಸೆ ತಟ್ಟೆಯ ಪಕ್ಕ ಇದನ್ನು ಇಟ್ಟಳಂತೆ. "ತಿಂಡಿ ತಿನ್ನದೆ ಒಂದು ತಾಸು ನೋಡ್ತಾ ಕೂತಿದ್ದೆ. ಕಡೆಗೆ ಎತ್ಕೊಂಡೆ," ಎಂದ ತಿಮ್ಮಪ್ಪ.

ಊರಲ್ಲೂ ವಿಚಾರಿಸಬೇಕಲ್ಲ, ಕೋಲಸಿರ್ಸಿಗೆ ಹೋದೆ. ಅವನಿಗೆ ಪಾಠ ಹೇಳಿದ ನಿವೃತ್ತ ಭಟ್ಟ ಮಾಸ್ತರು ಜಗುಲಿಯಲ್ಲಿ ಎಲೆ ಅಡಿಕೆಯ ಕವಳ ಹಾಕುತ್ತಿದ್ದವರು ತಮ್ಮ ಮನೆಮಾತಿನಲ್ಲೇ ಶುರು ಮಾಡಿದರು. "ಆನು ಅವಂಗೆ ಮೂರನೇ ಇಯತ್ತೆ ಕಲಿಸಿದವ. ಸುಳ್ಳು ಹೇಳಲೆ ಬತ್ತಿಲ್ಲೆ ಅವಂಗೆ." ನನ್ನ ಮುಖ ನೋಡಿ ಧಾಟಿ ಬದಲಿಸಿದರು. "ಅಂದ್ರೆ, ಕುಡಿಯೂ ಕಾಲದಲ್ಲೂ ಕುಡ್ದಿದ್ದೇನೆ ಹೇಳಿಯೇ ಹೇಳ್ತಿದ್ದ. ಅಂಥವ ನಿಮ್ಮ ಇಲಾಖೆಗೆ ಎಂತಕ್ಕೆ ಬೇಕು ಅದು ನಂಗೆ ಗೊತ್ತಿಲ್ಲ. ನಂಬಬಹುದು, ಬರ್ಕೊಳ್ಳಿ."

ಬರೆದುಕೊಂಡೆ. ಮರುದಿನ ಮಾದೇವಿ ಕಚೇರಿಗೆ ಬಂದಳು. ಶಾಲೆಯಲ್ಲಿ ಬಿಸಿಯೂಟದ ಅಡುಗೆಯವಳು, ರಜೆಯಾದ್ದರಿಂದ ಹಗಲು ಹೊತ್ತು ಬರಲು ಸಾಧ್ಯವಾಗಿತ್ತು. ಕೂರು ಎಂದರೂ ಕೂರಲಿಲ್ಲ.

"ಅವ್ರು ಯೋಗ್ಯರಲ್ಲ ಹೇಳಿ ಬರೆದುಬಿಡಿ ಸಾಹೇಬ್ರೆ," ಎಂದಳು.

ಗಂಡನ ಮೇಲೆ ಹೆಂಡತಿ ಚಾಡಿ ಹೇಳುವುದನ್ನು ಕೇಳಿದ್ದೇನೆ, ಇದು ಹಾಗಿರಲಿಲ್ಲ. "ಬಾವಿಗೆ ಬಿದ್ದವರನ್ನ ಐದು ವರ್ಷ ಹಿಡಿದು ಮೇಲೆ ಎಳೆದಿದ್ದೇನೆ. ಈಗ ಒಯ್ದು ಬಾವಿಕಟ್ಟೆ ಮೇಲೇ ಕೂರಿಸೂದಾ? ಇಡೀ ದಿನ ಅದೇ ವಾಸನೆ, ಅದೇ ಕೈಲಿ. ನೀವು ಬರೆದ್ರೆ ಅವ್ರಿಗೆ ಬೇಜಾರಾಗ್ತದೆ, ಆಗ್ಲಿ. ಅವ್ರು ಉಳೀತಾರೆ."

ಅದು ಸರಿಯಾದ ಮಾತು. ಆದರೆ ನಮೂನೆಯಲ್ಲಿ ಅದಕ್ಕೆ ಜಾಗ ಇರಲಿಲ್ಲ. ವಯಸ್ಸು ಸರಿ, ಕೇಸು ಇಲ್ಲ, ರೋಗ ಇಲ್ಲ, ನಡತೆಗೆ ಮಾಸ್ತರರ ಸಾಕ್ಷಿ. "ನೋಡೋಣವ್ವಾ," ಎಂದು ಕಳಿಸಿದೆ. ಅವತ್ತು ಸಂಜೆಯೇ "ಯೋಗ್ಯ" ಎಂದು ಬರೆದೆ. ತೂಗಿ ನೋಡಿ ಬರೆದದ್ದಲ್ಲ. ಕಡತ ಮೇಜಿನಿಂದ ಇಳಿಯಲಿ ಎಂದು ಬರೆದದ್ದು.

ಮೇ ತಿಂಗಳಲ್ಲಿ ಒಂದು ಬೆಳಿಗ್ಗೆ ಅಂಗಡಿ ತಪಾಸಣೆಗೆ ಹೋದೆ. ಬಾಗಿಲು ತೆರೆಯುವ ಹೊತ್ತಿಗೆ ಸರಿಯಾಗಿ ಹೋಗಿ ನಿಂತರೆ ಒಳಗಿನ ಸಂಗತಿ ತಿಳಿಯುತ್ತದೆ, ಇದು ನಮ್ಮ ಹಳೆಯ ಉಪಾಯ. ಫಿನಾಯಿಲು ಹಾಕಿ ನೆಲ ಒರೆಸಿತ್ತು, ಪೆಟ್ಟಿಗೆಗಳು ಒಪ್ಪವಾಗಿದ್ದವು. ಹಿಂದಿನ ಕಿಟಕಿಯಲ್ಲಿ ಮಾತು ಕೇಳಿಸಿತು. ಕೂಲಿಗೆ ಹೊರಟ ಹೆಂಗಸೊಬ್ಬಳು ಸರಳುಗಳ ನಡುವೆ ಕೈ ಚಾಚಿ ಒಂದು ಅಡಿಕೆ ಇಟ್ಟು, "ನಮ್ಮನೆಯವ್ರಿಗೆ ದಿನಕ್ಕೆ ಒಂದು ಕ್ವಾರ್ಟರಿನ ಮೇಲೆ ಕೊಡಬ್ಯಾಡಿ ಅಣ್ಣಾ, ಬೆಳಗಾದ್ರೆ ಅವ್ರಿಗೆ ಕೆಲಸ ಉಂಟು," ಎನ್ನುತ್ತಿದ್ದಳು. ತಿಮ್ಮಪ್ಪ ಅದನ್ನು ಎತ್ತಿ ಬಿಸ್ಕತ್ತಿನ ಡಬ್ಬಿಗೆ ಹಾಕಿದ. ಡಬ್ಬಿಯಲ್ಲಿ ಆಗಲೇ ಹತ್ತು ಅಡಿಕೆಗಳಿದ್ದವು.

ನಾನು ನೋಡಿದ್ದು ಕಂಡು ಅವನು ಅಳುಕಲಿಲ್ಲ. "ಯಾವುದು ಯಾರದ್ದು ಹೇಳಿ ನಂಗೆ ನೆನಪಿರ್ತದೆ," ಎಂದ.

"ನೀ ಕೊಡದಿದ್ರ ಮುಂದಿನ ಅಂಗಡಿಗೆ ಹೋಗ್ತಾರಲ್ಲೋ."

"ಕೆಲವ್ರು ಹೋಗ್ತಾರೆ ಸಾಹೇಬ್ರೆ. ಎರಡು ಮೈಲಿ ನಡೀಬೇಕು. ಅಷ್ಟರಲ್ಲಿ ಅರ್ಧ ಜನಕ್ಕೆ ದಾರೀಲಿ ಮನೆ ಸಿಕ್ತದೆ."

ಅವತ್ತೇ ನನ್ನ ಕಣ್ಣೆದುರು ಹೆಗ್ಗರಣೆ ಕಡೆಯ ಒಬ್ಬ ಬಂದು ಎರಡನೆಯದು ಕೇಳಿದ. "ಇವತ್ತಿಗೆ ಸಾಕು ಮಾರಾಯ, ಮಗಳ ಬಾಣಂತನ ಉಂಟಲ್ಲ ಮನೇಲಿ," ಎಂದ ತಿಮ್ಮಪ್ಪ. ಆ ಮನುಷ್ಯ ಅವನ ಅಪ್ಪ ಅಮ್ಮ ಎಲ್ಲರನ್ನೂ ನೆನೆಸಿ ಬೈದು, ಮುಂದಿನ ಬಸ್ಸು ಹತ್ತಿ ಮನೆಗೆ ಹೋದ. ತಿಮ್ಮಪ್ಪನ ಮುಖದಲ್ಲಿ ಆಗ ಒಂದು ನೆಮ್ಮದಿ ಕಂಡಿತು. ಮೂವತ್ತು ವರ್ಷದಲ್ಲಿ ಎಷ್ಟೋ ಅಂಗಡಿ ನೋಡಿದ್ದೇನೆ, ಗಿರಾಕಿ ಖಾಲಿ ಕೈಯಲ್ಲಿ ಹೋದದ್ದಕ್ಕೆ ಸಂತೋಷಪಟ್ಟ ಮ್ಯಾನೇಜರನನ್ನು ನೋಡಿದ್ದು ಅಲ್ಲೇ. ನನಗೂ ಒಳಗೊಳಗೆ ಖುಷಿಯಾಯಿತು ಎಂದು ಈಗ ಹೇಳಿದರೆ ಯಾರಿಗೆ ಏನು ಉಪಯೋಗ.

ಜೂನ್ ಮೊದಲ ವಾರ ಬಸವಂತಪ್ಪ ಅರ್ಜಿ ಹಿಡಿದುಕೊಂಡು ಬಂದರು. ನೌಕರನಾಮೆ ರದ್ದು ಮಾಡಬೇಕು, ಈ ವ್ಯಕ್ತಿ ಅಯೋಗ್ಯ.

"ಕುಡದಾನೇನ್ರಿ?" ಎಂದೆ.

"ಕುಡದಿದ್ರ ಸುಮ್ನ ಇರ್ತಿದ್ದೆ ಸಾಹೇಬ್ರ. ಕುಡಿಯಾಕ ಬಂದವರನ್ನ ತಿರುಗಿ ಕಳಸ್ತಾನ. ನಾ ಅಂಗಡಿ ಇಟ್ಟೀನೋ ಮಠಾ ಇಟ್ಟೀನೋ ನನಗ ತಿಳೀವಲ್ದು." ಸಿಟ್ಟಿಗಿಂತ ಅವರ ದನಿಯಲ್ಲಿ ಸಂಕಟವಿತ್ತು. ಜೂನ್ ಕೊನೆಗೆ ಸನ್ನದಿನ ವರ್ಷ ಮುಗಿಯುತ್ತದೆ, ನವೀಕರಣ ಆಗಬೇಕು, ಅಂಗಡಿಯವರು ಸರಕಾರಿ ಗೋದಾಮಿನಿಂದ ತಿಂಗಳಿಗೆ ಇಷ್ಟೆಂದು ಎತ್ತಬೇಕಾದ ಮಾಲು ಇಳಿದುಹೋಗಿತ್ತು. ಆ ವಾರವೇ ಮೇಲಿನ ಕಚೇರಿಯಿಂದ ನನಗೂ ಫೋನು ಬಂತು. ಆ ಅಂಗಡಿಯ ಮಾಲು ಯಾಕೆ ಇಳಿದಿದೆ ಎಂದು ಕೇಳಿದರು, ಅಷ್ಟೇ. ಮತ್ತೇನೂ ಹೇಳಲಿಲ್ಲ. ಹೇಳದೆ ಉಳಿದದ್ದನ್ನು ನಾನೇ ತುಂಬಿಕೊಂಡೆ. ನನ್ನ ವರ್ಗಾವಣೆಯ ಅರ್ಜಿ ಅವರ ಮೇಜಿನ ಮೇಲಿತ್ತು.

ಮತ್ತೆ ಅದೇ ನಮೂನೆ, ಅದೇ ವಿಚಾರಣೆ. ತಿಮ್ಮಪ್ಪನನ್ನು ಕರೆಸಿ ಮೆತ್ತಗೆ ಹೇಳಿದೆ. "ಡಬ್ಬಿ ತಗದುಬಿಡಪಾ. ಕೇಳಿದವರಿಗೆ ಕೊಡು. ನಿನ್ನ ಕೆಲಸಾ ಉಳೀತೈತಿ, ನಾ ಬರೀತೀನಿ."

"ತೆಗೀಬೇಕು ಅಂದ್ರೆ ಒಂದೊಂದೂ ಅವ್ರವ್ರ ಮನೆಗೆ ಹಿಂದೆ ಕೊಟ್ಟೇ ತೆಗೀಬೇಕು ಸಾಹೇಬ್ರೆ," ಎಂದ. "ಒಂದು ಹೇಳ್ತೇನೆ, ತಪ್ಪು ತಿಳೀಬೇಡಿ. ನಂಗೂ ದಿನಾ ಹತ್ತು ಸಲ ಆಸೆ ಆಗ್ತದೆ. ಆ ಡಬ್ಬಿ ನೋಡ್ತೇನೆ, ಸುಮ್ನಾಗ್ತೇನೆ. ಹನ್ನೊಂದು ಜನರ ಮಾತು ಹಿಂದೆ ಕೊಟ್ಮೇಲೆ ನನ್ನ ಕಿಸೇಲಿ ಇದ್ದದ್ದೊಂದು ಹ್ಯಾಂಗೆ ಉಳೀತದೆ?"

ಇದಕ್ಕೂ ನಮೂನೆಯಲ್ಲಿ ಜಾಗ ಇರಲಿಲ್ಲ.

ಮಳೆ ಹಿಡಿದ ದಿನವೇ ಮಾದೇವಿ ಎರಡನೆಯ ಸಲ ಬಂದಳು. ಕೊಪ್ಪೆಯಂತೆ ತಲೆಯಿಂದ ಬೆನ್ನಿಗೆ ಪ್ಲಾಸ್ಟಿಕ್ ಹೊದ್ದುಕೊಂಡಿದ್ದಳು. ಬಾಗಿಲಲ್ಲೇ ಅದನ್ನು ಕೊಡವಿ, ಸೆರಗಿನ ಗಂಟು ಬಿಚ್ಚಿ, ನನ್ನ ಮುಂದಿನ ಕಡತದ ಮೇಲೆ ಒಂದು ಚಾಲಿ ಅಡಿಕೆ ಇಟ್ಟಳು.

"ಹೋದ ಸಲ ನಾ ಹೇಳಿದ್ದು ತಪ್ಪಾಗಿತ್ತು," ಎಂದಳು. "ಅವ್ರು ಇಷ್ಟು ಸಮಾಧಾನದಲ್ಲಿ ಇದ್ದದ್ದನ್ನ ನಾ ಮದ್ವೆಯಾದ ಮೇಲೆ ನೋಡಿಲ್ಲ. ರಾತ್ರಿ ನಿದ್ದೆ ಮಾಡ್ತಾರೆ. ಅವ್ರನ್ನ ತೆಗೀಬೇಡಿ ಸಾಹೇಬ್ರೆ. ಬೇರೆ ಎಂತ ಕೇಳೂದಿಲ್ಲ."

ಎತ್ತಿಕೊಂಡರೆ ಏನರ್ಥ ಎಂದು ನನಗೆ ಗೊತ್ತಿತ್ತು. ಎತ್ತಿಕೊಳ್ಳದಿದ್ದರೆ ಅವಳು ಸಿಟ್ಟಾಗುವುದಿಲ್ಲ ಎಂಬುದೂ ಗೊತ್ತಿತ್ತು. ಸೀರೆಯಿಂದ ನೀರು ಇಳಿದು ನೆಲದ ಮೇಲೆ ಹರಿಯುತ್ತಿತ್ತು. ಅವಳು ಹೋಗಲಿ, ನಾನು ಬಾಗಿಲು ಹಾಕಿಕೊಂಡು ಒಂದು ಲೋಟ ಚಹಾ ಕುಡಿಯಲಿ ಎಂದು ಅನಿಸಿತು. ಅಡಿಕೆ ಎತ್ತಿ ಪೆನ್ನಿನ ಡಬ್ಬಿಗೆ ಹಾಕಿದೆ. ಆಗ ಮನಸ್ಸಿನಲ್ಲಿ ಮೋಸ ಇರಲಿಲ್ಲ, ಯೋಗ್ಯ ಎಂದೇ ಬರೆಯಬೇಕು ಎಂದಿದ್ದೆ. ಅವಳು ಎರಡೂ ಕೈ ಜೋಡಿಸಿ ಹೋದಳು.

ಎಂಟು ದಿನ ಕಡತ ಹಾಗೇ ಇತ್ತು. ಎಂಟನೆಯ ದಿನ ಹೆಂಡತಿ ಫೋನು ಮಾಡಿ, ಬಚ್ಚಲಿನಲ್ಲಿ ಜಾರಿ ಬಿದ್ದಿದ್ದೆ, ಏಳಲು ಅರ್ಧ ತಾಸು ಹಿಡಿಯಿತು, ನೀವು ಯಾವಾಗ ಬರುತ್ತೀರಿ ಎಂದು ಕೇಳಿದಳು. ಮಧ್ಯಾಹ್ನ ಮೇಲಿನಿಂದ ಮತ್ತೆ ಅದೇ ಪ್ರಶ್ನೆ ಬಂತು. ನಾನು ಪೆನ್ನು ತೆಗೆದೆ. "ಮಾರಾಟದ ಕೆಲಸದಲ್ಲಿ ಆಸಕ್ತಿ ಇಲ್ಲದ ಕಾರಣ ಸದರಿ ವ್ಯಕ್ತಿ ಯೋಗ್ಯನಲ್ಲ." ಅರ್ಧ ಸಾಲು ಸಾಲದೆ ಅಂಚಿಗೆ ಹೋಯಿತು. ಪೆನ್ನು ತೆಗೆಯುವಾಗಲೂ ಇಡುವಾಗಲೂ ಬೆರಳಿಗೆ ಅಡಿಕೆ ತಾಗಿತು, ಅದನ್ನು ನಾನು ಮರೆತಿಲ್ಲ.

ಜುಲೈಯಲ್ಲಿ ನನ್ನ ವರ್ಗಾವಣೆ ಬಂತು. ಬರೆದ ವರದಿಗೂ ಅದಕ್ಕೂ ಸಂಬಂಧ ಇತ್ತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಇರಲಿಲ್ಲ ಎಂದಾದರೆ ಇನ್ನೂ ಕಷ್ಟ. ಹೊರಡುವ ದಿನ ಕಚೇರಿಯ ಜವಾನ, "ತಿಮ್ಮಪ್ಪ ಮಳೇಲಿ ಮನೆ ಮನೆ ತಿರುಗಿ ಅಡಿಕೆ ಹಿಂದೆ ಕೊಟ್ನಂತೆ," ಎಂದ. ನಾನು ಹ್ಞೂಂಗುಟ್ಟಿ ಪೆಟ್ಟಿಗೆಗೆ ಟೇಪು ಸುತ್ತಿದೆ.

ಪೆಟ್ಟಿಗೆ ಬಿಚ್ಚಿದ ಮೇಲೆ ನಾಲ್ಕು ದಿನ ಊಟ ರುಚಿಸಲಿಲ್ಲ. ಹೆಂಡತಿಗೆ ಎಲ್ಲ ಹೇಳಿದೆ. ಅವಳು ಸಮಾಧಾನ ಮಾಡುವವಳಲ್ಲ. "ಹೋಗಿ ಕೊಟ್ಟು ಬರ್ರಿ," ಎಂದಳು. ಶಿರಸಿಗೆ ಹೋಗಿ ಬಸ್ಸು ಬದಲಿಸಿ ಸಿದ್ದಾಪುರದಲ್ಲಿ ಇಳಿದೆ. ಅಂಗಡಿಗೆ ಈಗ ಕಬ್ಬಿಣದ ಜಾಲರಿ ಬಂದಿದೆ, ಹಿಂದಿನ ಕಿಟಕಿಗೆ ತಗಡು ಹೊಡೆದಿದ್ದಾರೆ. ಕೋಲಸಿರ್ಸಿಗೆ ಆಟೋ ಸಿಕ್ಕಿತು.

ಮಾದೇವಿ ಜಗುಲಿಯಲ್ಲಿ ಕೂತು ಹಪ್ಪಳಕ್ಕೆ ಹಲಸಿನ ತೊಳೆ ಬಿಡಿಸುತ್ತಿದ್ದಳು. ಗುರುತು ಹಿಡಿಯಲು ಸ್ವಲ್ಪವೂ ತಡವಾಗಲಿಲ್ಲ. ಕೈಗೆ ಹತ್ತಿದ ಅಂಟನ್ನು ಎಣ್ಣೆ ಹಚ್ಚಿ ಒರೆಸಿಕೊಂಡು ಬೆಲ್ಲ ನೀರು ತಂದಿಟ್ಟಳು, ಕವಳದ ತಟ್ಟೆ ಇಟ್ಟಳು. ತಿಮ್ಮಪ್ಪ ಎಲ್ಲಿ ಎಂದು ಕೇಳಿದೆ.

"ಯಲ್ಲಾಪುರದಲ್ಲಿ, ಮರದ ಮಿಲ್ಲಿನ ಕಾವಲಿಗೆ. ಕೆಲವು ತಿಂಗಳು ಮನೆಗೆ ಬರ್ತಾರೆ. ಕೆಲವು ತಿಂಗಳು ಬರೂ ಸ್ಥಿತೀಲಿ ಇರೂದಿಲ್ಲ." ಹವಾಮಾನ ಹೇಳುವವರ ಹಾಗೆ ಹೇಳಿದಳು. "ಅವತ್ತು ಹನ್ನೊಂದು ಮನೆ ತಿರುಗಿ ಸಂಜೆ ಬಂದ್ರು. ಕೈಕಾಲು ತೊಳೆದ್ರು. ಕಿಸೆಯಿಂದ ನನ್ನದನ್ನೂ ತೆಗೆದು ಇಲ್ಲಿ ಇಟ್ರು, ಈಗ ನೀವು ಕೂತಲ್ಲಿ. ನಾ ಬ್ಯಾಡ ಅಂದೆ. ಇನ್ನು ಆಗೂದಿಲ್ಲ ಮಾದೇವಿ, ಮೊದ್ಲೇ ಹೇಳ್ತಿದ್ದೇನೆ, ಅಂದ್ರು."

ನಾನು ಕಿಸೆಯಿಂದ ಅಡಿಕೆ ತೆಗೆದು ಕವಳದ ತಟ್ಟೆಯ ಪಕ್ಕ ಇಟ್ಟೆ. ದಾರಿಯುದ್ದಕ್ಕೂ ಜೋಡಿಸಿಕೊಂಡ ಮಾತುಗಳಲ್ಲಿ, "ತಪ್ಪಾತವ್ವಾ," ಎಂಬುದೊಂದೇ ಬಾಯಿಗೆ ಬಂತು.

ಅವಳು ಅಡಿಕೆಯನ್ನು ನೋಡಿದಳು. ಮುಟ್ಟಲಿಲ್ಲ.

"ಅವ್ರು ಕುಡುಕರು ಸಾಹೇಬ್ರೆ. ಆದ್ರೂ ಹಿಂದೆ ಕೊಡೂದನ್ನ ಕೊಡಬೇಕಾದ ದಿನ ಕೊಟ್ರು," ಎಂದಳು. "ಬರೆಯೂ ಮೊದ್ಲು ನೀವು ಇದನ್ನ ಹಿಂದೆ ಕಳಿಸಿದ್ರೆ ನಾ ಬಸವಂತಪ್ಪನವ್ರ ಕಾಲು ಹಿಡೀತಿದ್ದೆ. ಮಾಸ್ತರ್‌ರನ್ನ ಕರ್ಕೊಂಡು ಮೇಲಿನವ್ರ ಹತ್ರ ಹೋಗ್ತಿದ್ದೆ. ಎಂಟು ದಿನ ಇತ್ತು. ನೀವು ಎತ್ಕೊಂಡ್ರಿ ಹೇಳಿ ನಾ ಎಲ್ಲಿಗೂ ಹೋಗ್ಲಿಲ್ಲ. ನಿಶ್ಚಿಂತೆಯಿಂದ ಮನೇಲಿ ಕೂತೆ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಬೈಯಲಿಲ್ಲ. ನಾಲ್ಕೂವರೆಯ ಬಸ್ಸು ತಪ್ಪಿದರೆ ಆಮೇಲೆ ಆರೂವರೆಗೇ ಎಂದು ನೆನಪು ಮಾಡಿ, ತೊಳೆಯ ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು. ಇಟ್ಟವರೇ ತೆಗೆದುಕೊಂಡು ಹೋಗಬೇಕು ಎಂಬುದು ಅವರ ನಡಾವಳಿ. ನಾನು ಅದನ್ನು ತೆಗೆದುಕೊಂಡು ಬಸ್ಸು ನಿಲ್ಲುವಲ್ಲಿಗೆ ಬಂದೆ.

ಹಾವೇರಿ ಮುಟ್ಟುವಾಗ ಕತ್ತಲಾಗಿತ್ತು. ಹೆಂಡತಿ ಕೋಲು ಹಿಡಿದುಕೊಂಡು ಬಾಗಿಲಿಗೆ ಬಂದಳು.

"ಕೊಟ್ಟು ಬಂದ್ರೇನು?"

"ತಗೊಳ್ಳಿಲ್ಲ," ಎಂದೆ.

ಅವಳು ನನ್ನ ಕಿಸೆಯನ್ನೊಮ್ಮೆ ನೋಡಿ, ತಟ್ಟೆ ಹಾಕಲು ಒಳಗೆ ತಿರುಗಿದಳು. "ಹಂಗಾರ ಆಕಿಗೆ ಕೊಟ್ಟ ಮಾತು ಇನ್ನೂ ನಿಮ್ಮ ಹತ್ರನ ಐತಿ," ಎಂದಳು.